ಕೂಗದ ಕುಕ್ಕರ್

ಸದ್ದು ಮಾಡದ ಅಡುಗೆಯನ್ನು ನಮ್ಮ ಜನ ನಂಬುವುದಿಲ್ಲ. ಬೇಳೆ ಬೆಂದಿತೋ ಇಲ್ಲವೋ ಎಂಬುದನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿದುಕೊಂಡು ಬೆಳೆದವರು ನಾವು. ತೊಗರಿಬೇಳೆಗೆ ಮೂರು ಕೂಗು, ಹುರುಳಿಗೆ ಆರು, ಹಳೇ ಕಡಲೆಕಾಳಾದರೆ ಪಕ್ಕದ ಮನೆಯವರು ಬಂದು ವಿಚಾರಿಸುವವರೆಗೆ. ದೇವರ ಕೋಣೆಯಲ್ಲಿ ಕೂತವರು ಮಂತ್ರದ ನಡುವೆ ಬೆರಳು ಮಡಚಿದರೆ ಅದು ಜಪದ ಲೆಕ್ಕವೇ ಆಗಿರಬೇಕೆಂದೇನೂ ಇಲ್ಲ.

ಇಂಥವರ ಅಡುಗೆಮನೆಗೆ ಸ್ಲೋ ಕುಕ್ಕರ್ ಬಂದರೆ ಗಲಾಟೆ ಸಂಸಾರಕ್ಕೆ ಮೌನವ್ರತದ ಅಳಿಯ ಬಂದ ಹಾಗೆ. ಪ್ಲಗ್ ಹಾಕಿ ಗುಂಡಿ ತಿರುಗಿಸಿದರೆ ಒಂದು ಕೆಂಪು ದೀಪ ಹತ್ತಿಕೊಳ್ಳುತ್ತದೆ. ಆಮೇಲೆ ಎಂಟು ಹತ್ತು ಗಂಟೆ ಅದು ನಿಮ್ಮ ಜೊತೆ ಮಾತಾಡುವುದಿಲ್ಲ. ಹಬೆ ಉಗುಳುವುದಿಲ್ಲ, ಕುಣಿಯುವುದಿಲ್ಲ, ವೆಯ್ಟ್ ಹಾರಿಸಿ ಸೂರಿಗೆ ಸಾರು ಬಳಿಯುವುದಿಲ್ಲ. ಮಂಡ್ಯದಿಂದ ಆರು ತಿಂಗಳ ವೀಸಾ ಮೇಲೆ ಬಂದ ಅಮ್ಮ ಅದರ ಮುಂದೆ ನಿಂತು ಮೊದಲು ಕೇಳಿದ ಮಾತು: "ಕರೆಂಟ್ ಬಂದದಾ ನೋಡ್ಲಾ."

ನಾವಿರುವುದು ಬಾಸ್ಟನ್ ಪಕ್ಕದ ಊರಿನಲ್ಲಿ. ಬಾಸ್ಟನ್ನಿಗೆ 'ಬೀನ್‌ಟೌನ್' ಎಂದೇ ಅಡ್ಡಹೆಸರು. ಇಲ್ಲಿಯ ಬೇಕ್ಡ್ ಬೀನ್ಸ್ ಎಂದರೆ ನಕ್ಷತ್ರದ ಹೋಟೆಲಿನ ಬೆಳಗಿನ ಬಫೆಯಲ್ಲಿ ಇಡ್ಲಿಯ ಪಕ್ಕ ಅನಾಥವಾಗಿ ಕೂತಿರುವ ಕೆಂಪು ಪದಾರ್ಥ ಅಲ್ಲ. ಅದು ಟೊಮೆಟೊ ಗೊಜ್ಜಿನದು. ಹೈನ್ಜ್ ಕಂಪನಿ 1886ರಲ್ಲಿ ಲಂಡನ್ನಿಗೆ ಒಯ್ದು ಮಾರಿ ಬ್ರಿಟಿಷರಿಗೆ ಅಂಟಿಸಿದ ಚಟ. ಬಾಸ್ಟನ್ನಿನದು ಕಂದು ಬಣ್ಣದ, ಕಾಕಂಬಿ ಹಾಕಿದ, ರಾತ್ರಿಯಿಡೀ ಬೆಂದ ಗಂಭೀರ ಕಾಳು. ಈ ಊರಿನವರ ಅಭಿಮಾನ ಎಷ್ಟೆಂದರೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಇಲ್ಲಿಯ ಬೇಸ್‌ಬಾಲ್ ತಂಡದ ಹೆಸರೇ 'ಬಾಸ್ಟನ್ ಬೀನ್‌ಈಟರ್ಸ್'. ಕಾಳು ತಿನ್ನುವವರು! ಎದುರಾಳಿಗಳು ಹೆದರಿದ್ದರೋ ದೂರ ನಿಂತಿದ್ದರೋ, ಆ ಹೆಸರಿನಲ್ಲೇ ಅವರು ಸಾಕಷ್ಟು ಪಂದ್ಯ ಗೆದ್ದರು. 1993ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಬೇಕ್ ಮಾಡಿದ ನೇವಿ ಬೀನನ್ನು ತನ್ನ ಅಧಿಕೃತ ಕಾಳೆಂದು ಕಾನೂನಿಗೇ ಸೇರಿಸಿಕೊಂಡಿತು. ನಮ್ಮ ವಿಧಾನಸೌಧಕ್ಕೆ ಇಂಥ ಮಸೂದೆ ಬಂದರೆ ಅವರೆ ಬಣ, ಹುರುಳಿ ಬಣ, ಅಲಸಂದೆ ಬಣ ಎದ್ದು ಇಡೀ ಅಧಿವೇಶನ ಕೊಚ್ಚಿಹೋಗುತ್ತದೆ.

ಈ ಅಡುಗೆ ಹುಟ್ಟಿದ್ದಕ್ಕೆ ಕಾರಣ ರುಚಿ ಅಲ್ಲ, ಮಡಿ. ಹದಿನೇಳನೇ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ಪ್ಯೂರಿಟನ್ನರು ವಾರವಿಡೀ ಮೈಮುರಿದು ದುಡಿಯುವ ಜನ. ಸುಮ್ಮನೆ ಕೂತವನ ಕೈಗೆ ಸೈತಾನ ಕೆಲಸ ಕೊಡುತ್ತಾನೆಂದು ಬಲವಾಗಿ ನಂಬಿದವರು. ಅಂಥವರನ್ನು ಒಂದು ದಿನವಾದರೂ ಕೂರಿಸಲು ದೇವರೇ ಆಜ್ಞೆ ಮಾಡಬೇಕಾಯಿತು. ಶನಿವಾರ ಸೂರ್ಯ ಮುಳುಗಿದರೆ ಅವರ ಸಬ್ಬತ್ ಶುರು. ಭಾನುವಾರ ಅಡುಗೆ ಕೂಡದು. ಹಾಗಾಗಿ ನೆನೆಸಿದ ಕಾಳನ್ನು ಹೊಟ್ಟೆ ದಪ್ಪ, ಬಾಯಿ ಸಣ್ಣ ಇರುವ ಮಣ್ಣಿನ ಗಡಿಗೆಗೆ ತುಂಬಿ ಶನಿವಾರವೇ ಇಟ್ಟಿಗೆ ಒಲೆಯೊಳಗೆ ತಳ್ಳುತ್ತಿದ್ದರು. ರಾತ್ರಿಗೆ ಬಿಸಿ ಊಟ, ಬೆಳಿಗ್ಗೆ ಒಲೆಯ ಕಾವಿನಲ್ಲೇ ಬೆಚ್ಚಗಿದ್ದ ತಂಗಳು. ಪಾತ್ರೆ ತೊಳೆಯುವುದೂ ಸೋಮವಾರಕ್ಕೆ. ಸೋಮಾರಿತನಕ್ಕೆ ಶಾಸ್ತ್ರಾಧಾರ ಸಿಕ್ಕರೆ ಎಷ್ಟು ಸುಖ ನೋಡಿ. ನನಗೆ ಆ ಧರ್ಮದಲ್ಲಿ ಹಿಡಿಸಿದ ಒಂದೇ ಭಾಗ ಇದು.

ಸ್ಲೋ ಕುಕ್ಕರಿನ ಕಥೆಯೂ ಇಂಥದೇ ಇನ್ನೊಂದು ಮಡಿಯಿಂದ ಬಂದದ್ದು ಎಂಬುದು ನನಗೆ ತಡವಾಗಿ ತಿಳಿಯಿತು. ಅರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಸಂಶೋಧಕನಿಗೆ ಅವನ ತಾಯಿ ತನ್ನ ಬಾಲ್ಯದ ಲಿಥುವೇನಿಯಾದ ಕಥೆ ಹೇಳುತ್ತಿದ್ದಳಂತೆ. ಶುಕ್ರವಾರ ಸಂಜೆ ಕಾಳು, ತರಕಾರಿ, ಮಾಂಸದ 'ಚೋಲೆಂಟ್' ಗಡಿಗೆಯನ್ನು ಬೇಕರಿಗೆ ಹೊತ್ತುಕೊಂಡು ಹೋಗಿ, ಆರುತ್ತಿರುವ ಒಲೆಯಲ್ಲಿ ಇಟ್ಟು ಬರುವುದು. ಮರುದಿನ ಅವರ ಸಬ್ಬತ್ತಿಗೆ ಬಿಸಿ ಊಟ. ಮಗ ಆ ಬೇಕರಿಯನ್ನೇ ತಂತಿ ಸುತ್ತಿ ಅಡುಗೆಮನೆಯ ಕಟ್ಟೆಗೆ ತಂದ. 1940ರಲ್ಲಿ ಪೇಟೆಂಟ್ ಸಿಕ್ಕಿತು. ಅವನು ಮಾರಿದ ಪಾತ್ರೆಯ ಹೆಸರು 'ನ್ಯಾಕ್ಸನ್ ಬೀನರಿ'. ಕಾಳು ಬೇಯಿಸುವುದಕ್ಕೇ ಹುಟ್ಟಿದ ಯಂತ್ರ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡುಕೊಂಡು ಮರುವರ್ಷ 'ಕ್ರಾಕ್-ಪಾಟ್' ಎಂದು ಬಿಟ್ಟಾಗ, ಆಗಷ್ಟೇ ಆಫೀಸಿಗೆ ಹೊರಟಿದ್ದ ಅಮೆರಿಕದ ಹೆಂಗಸರು ಮುಗಿಬಿದ್ದು ಕೊಂಡರು: ನೀವು ಕೆಲಸಕ್ಕೆ ಹೋಗಿ, ಅಡುಗೆ ತಾನೇ ಆಗುತ್ತದೆ. ಕೆಲಸ ಮಾಡಬೇಡಿ ಎಂದು ದೇವರು ಹೇಳಿದ್ದಕ್ಕೆ ಹುಟ್ಟಿದ ಪಾತ್ರೆ, ಇನ್ನಷ್ಟು ಕೆಲಸ ಮಾಡಿಸುವುದಕ್ಕೆ ಮಾರಾಟವಾಯಿತು. ನಮ್ಮ ಮನೆಗೆ ಬಂದದ್ದೂ ಆ ಕಾರಣಕ್ಕೇ. ಅದನ್ನು ಕೊಂಡ ಹೆಂಡತಿ ಆಸ್ಪತ್ರೆಯ ಶಿಫ್ಟಿಗೆ ಹೋಗುತ್ತಾಳೆ. ಅದರ ಮುಂದೆ ಶನಿವಾರ ಪೂರ್ತಿ ಕೂತು ಅದರ ಮೂಲ ಧರ್ಮವನ್ನು ಉಳಿಸಿದವನು ನಾನು.

ಹಿಂದಿನ ರಾತ್ರಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ನೇವಿ ಬೀನ್ಸ್ ನೆನೆಹಾಕಬೇಕು. ಅಮೆರಿಕದ ನೌಕಾದಳದವರು ಬಹುಕಾಲ ತಿಂದದ್ದರಿಂದ ಈ ಬಿಳಿ ಕಾಳಿಗೆ ಆ ಹೆಸರು. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮಾಮೂಲಿ ಒಲೆಯ ಮೇಲೆ ಕೊತಕೊತ ಕುದಿಸಬೇಕು. ಇಲ್ಲಿ ಮಾತ್ರ ತಮಾಷೆ ಬೇಡ. ಹಸಿ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇರುತ್ತದೆ. ಕೆಂಪು ರಾಜ್ಮಾದಲ್ಲಂತೂ ವಿಪರೀತ. ಚೆನ್ನಾಗಿ ಕುದಿದರೆ ಸಾಯುತ್ತದೆ, ಆದರೆ ಸ್ಲೋ ಕುಕ್ಕರಿನ ಉಗುರುಬೆಚ್ಚನೆಯ ಮರ್ಯಾದೆಗೆ ಅದು ಜಗ್ಗುವುದಿಲ್ಲ. ಅರೆಬೆಂದ ರಾಜ್ಮಾ ಹಸಿ ರಾಜ್ಮಾಕ್ಕಿಂತ ಹೆಚ್ಚು ತೊಂದರೆ ಕೊಡಬಲ್ಲದು. ಆದ್ದರಿಂದ ಅರ್ಧ ಗಂಟೆ ಕುದಿಸಿದ ಮೇಲೆಯೇ ಆ ಮೌನಿಯ ಕೈಗೆ ಒಪ್ಪಿಸಬೇಕು.

ಎಷ್ಟು ಬೆಂದರೆ ಸಾಕು? ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ 1896ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ಪರೀಕ್ಷೆ ಹೇಳಿದ್ದಾಳೆ. ಅಳತೆಯ ಚಮಚವನ್ನು ನೆತ್ತಿಸಮ ಕೆರೆದು ಅಳೆಯಬೇಕೆಂದು ಅಮೆರಿಕಕ್ಕೆ ಪಾಠ ಹೇಳಿದ ಶಿಸ್ತಿನ ಹೆಂಗಸು ಇವಳು. ಆದರೆ ಕಾಳಿನ ವಿಷಯಕ್ಕೆ ಬಂದಾಗ ಗಡಿಯಾರ ಬದಿಗಿಟ್ಟು, ಚಮಚದ ತುದಿಯಲ್ಲಿ ನಾಲ್ಕು ಕಾಳು ತೆಗೆದು ಊದಿ ನೋಡಿ ಎನ್ನುತ್ತಾಳೆ. ನಾನು ಊದಿದೆ. ಕಾಳಿನ ಬೆನ್ನ ಮೇಲೆ ಮೊದಲು ಕೂದಲೆಳೆಯಷ್ಟು ಸೀಳು; ಮತ್ತೆ ಊದಿದಾಗ ಸಿಪ್ಪೆ ತೆಳ್ಳಗೆ ಸುರುಳಿ ಸುತ್ತಿಕೊಂಡು ಹಿಂದೆ ಸರಿಯಿತು, ಒಳಗಿನ ದಂತದ ಬಣ್ಣ ಕಂಡಿತು. ಅಮ್ಮ ಪಕ್ಕದಲ್ಲಿ ನಿಂತು ನೋಡಿ, ಊದುವ ಗೋಜಿಗೇ ಹೋಗದೆ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಿಟಕ್ಕನೆ ಹಿತುಕಿದಳು. ಬೇಳೆ ನನ್ನ ಕನ್ನಡಕಕ್ಕೆ ಬಂದು ಬಡಿಯಿತು. "ಆಗದೆ, ಇಳಿಸು" ಎಂದಳು. ಜೀವಮಾನವಿಡೀ ಸಂಕ್ರಾಂತಿಯ ಆಸುಪಾಸಿನಲ್ಲಿ ಹಿತಕಿದ ಅವರೆಬೇಳೆ ಮಾಡಿದ ಕೈಗೆ ಫ್ಯಾನಿ ಫಾರ್ಮರ್ ಏನು ಕಲಿಸಬಲ್ಲಳು?

ಮುಂದಿನದು ಹಂದಿಯ ಪ್ರಶ್ನೆ. ಪದ್ಧತಿಯ ಪ್ರಕಾರ ಉಪ್ಪು ಹಚ್ಚಿದ ಹಂದಿಕೊಬ್ಬಿನ ಮುಕ್ಕಾಲು ಪೌಂಡಿನ ತುಂಡು ಕಾಳಿನಲ್ಲಿ ಹುದುಗಿರಬೇಕು. ನಮ್ಮದು ಬಾಡೂಟದ ಮನೆಯೇ ಆದರೂ ಹಂದಿ ಹೊಸಿಲು ದಾಟಿಲ್ಲ. ಕೊಡಗಿನ ಗೆಳೆಯನೊಬ್ಬ, ಹಂದಿ ಇಲ್ಲದ ಬಾಸ್ಟನ್ ಬೀನ್ಸನ್ನು ತಾನು ಗುರುತಿಸುವುದೇ ಇಲ್ಲವೆಂದು ಫೋನಿನಲ್ಲಿ ಘೋಷಿಸಿದ. ಅವನಿಗೆ ನನ್ನ ಉತ್ತರ ಸಿದ್ಧವಿತ್ತು: ಯಹೂದಿ ಆಚಾರಕ್ಕೆ ಒಪ್ಪಿಗೆಯೆಂದು 1923ರಲ್ಲಿ ಅವರ ಸಂಘದ ಮುದ್ರೆ ಒತ್ತಿಸಿಕೊಂಡ ಮೊದಲ ಡಬ್ಬಿಯೇ ಹೈನ್ಜಿನ ಸಸ್ಯಾಹಾರಿ ಬೀನ್ಸು. ಹಂದಿಯನ್ನು ಹೊರಗಟ್ಟಿದವರಲ್ಲಿ ನಾನು ಮೊದಲಿಗನಲ್ಲ. ಧಾರಾಳವಾಗಿ ಬೆಣ್ಣೆ, ಇಡೀ ಒಂದು ಈರುಳ್ಳಿ, ಒಂದು ಚಮಚ ಸಾಸಿವೆ ಪುಡಿ, ಮೆಣಸು, ಉಪ್ಪು.

ಆಮೇಲೆ ಕಾಕಂಬಿ. ಕಬ್ಬಿನ ರಸ ಕುದಿಸಿ ಸಕ್ಕರೆ ಹರಳನ್ನೆಲ್ಲ ಬಾಚಿಕೊಂಡ ಮೇಲೆ ಉಳಿಯುವ ಕರಿ ಮಂದ ರಸ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರಿನ ಹೆಂಗಸಿಗೆ ಅದರ ಪರಿಚಯ ಬೇಕಿಲ್ಲ. ಆದರೆ ಅಮ್ಮನ ಲೋಕದಲ್ಲಿ ಕಾಕಂಬಿ ಎಂದರೆ ಟ್ಯಾಂಕರಿನಲ್ಲಿ ಸಾಗುವ, ಅಬಕಾರಿಯವರು ಬೆನ್ನು ಹತ್ತುವ ಸರಕು. ಅದು ಚೆಂದದ ಬಾಟಲಿಯಲ್ಲಿ, ಜೇನುತುಪ್ಪದ ಪಕ್ಕ ಕೂತಿರುವುದನ್ನು ಕಂಡು ಅವಳ ಹುಬ್ಬು ಏರಿತು. "ಸಾರಾಯಿ ಕಾಯ್ಸೋದ ಕಾಳಿಗೆ ಉಯ್ತೀಯಾ?"

ಇತಿಹಾಸ ಅಮ್ಮನ ಪರವಾಗಿಯೇ ಇದೆ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಕಾಕಂಬಿ ಹಡಗಿನಲ್ಲಿ ನ್ಯೂ ಇಂಗ್ಲೆಂಡಿಗೆ ಬಂದು ರಮ್ ಆಗುತ್ತಿತ್ತು. ಆ ರಮ್ ಆಫ್ರಿಕಾಕ್ಕೆ ಹೋಗಿ ಮತ್ತಷ್ಟು ಗುಲಾಮರ ಬೆಲೆಯಾಗುತ್ತಿತ್ತು. ಅಷ್ಟು ಮಡಿಯ ಗಡಿಗೆಯ ಸಿಹಿ ಬಂದದ್ದು ಅಲ್ಲಿಂದ. ಭಾನುವಾರ ಒಲೆ ಹಚ್ಚಿದರೆ ಪಾಪ ಎಂದುಕೊಂಡವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. 1733ರಲ್ಲಿ ಲಂಡನ್ನಿನವರು ಪರದೇಶದ ಕಾಕಂಬಿಗೆ ಸುಂಕ ಹಾಕಿದಾಗ ಮಾತ್ರ ಸಿಟ್ಟು ಬಂತು, ಕಳ್ಳಸಾಗಣೆ ಜೋರಾಯಿತು. ಅಮೆರಿಕದ ಸ್ವಾತಂತ್ರ್ಯದ ಪಾಕದಲ್ಲಿ ಕಾಕಂಬಿಯೂ ಒಂದು ಮುಖ್ಯ ಸಾಮಗ್ರಿ ಎಂದು ಜಾನ್ ಆಡಮ್ಸ್ ಮುದಿವಯಸ್ಸಿನಲ್ಲಿ ಬರೆದದ್ದುಂಟು. ಇನ್ನು 1919ರ ಜನವರಿ 15ರಂದು ಬಾಸ್ಟನ್ನಿನ ನಾರ್ತ್ ಎಂಡ್‌ನಲ್ಲಿ ಆದದ್ದು ನಗುವ ಸಂಗತಿಯಲ್ಲ. 23 ಲಕ್ಷ ಗ್ಯಾಲನ್ ಕಾಕಂಬಿ ತುಂಬಿದ್ದ ತೊಟ್ಟಿ ಸಿಡಿದು, ಗಂಟೆಗೆ ಐವತ್ತೈದು ಕಿಲೋಮೀಟರಿನ ವೇಗದಲ್ಲಿ ಬೀದಿಗೆ ನುಗ್ಗಿ 21 ಜನ ಸತ್ತರು. ಅದೂ ಮದ್ಯಸಾರ ಕಾಯಿಸಲು ಕೂಡಿಟ್ಟ ಕಾಕಂಬಿಯೇ. ಇದನ್ನೆಲ್ಲ ಕೇಳಿ ಅಮ್ಮ ಬಾಟಲಿಯನ್ನು ಅಂಚಿನಿಂದ ಎತ್ತಿ ಒಳಗೆ ಸರಿಸಿ ಇಟ್ಟಳು.

ಕಾಕಂಬಿಗೆ ಇನ್ನೊಂದು ಕೆಲಸವಿದೆ. ಅದರಲ್ಲಿರುವ ಸುಣ್ಣದಂಶ ಮತ್ತು ಹುಳಿ ಕಾಳಿನ ಗೋಡೆಯನ್ನು ಬಿಗಿ ಹಿಡಿಯುತ್ತವೆ. ನಮ್ಮ ಲೆಕ್ಕದಲ್ಲಿ ಹತ್ತು ಗಂಟೆ ಬೆಂದ ಕಾಳು ಅಂಬಲಿಯಾಗಬೇಕು. ಇಲ್ಲಿ ಒಂದೊಂದು ಕಾಳೂ ಬಿಡಿಯಾಗಿ, ಇಡಿಯಾಗಿ ಇರುತ್ತದೆ. ಅದಕ್ಕೇ ಮೊದಲು ಮೆತ್ತಗಾಗಿಸಿ ಆಮೇಲೆ ಕಾಕಂಬಿ ಹಾಕುವುದು. ಕ್ರಮ ತಿರುಗಿಸಿದರೆ ಮುಂದಿನ ಭಾನುವಾರಕ್ಕೂ ಬೇಯುವುದಿಲ್ಲ. ಬಿಸಿನೀರು ಕಾಳು ಮುಳುಗುವಷ್ಟೇ ಸಾಕು, ಈ ಪಾತ್ರೆಯಿಂದ ಹಬೆ ಎಲ್ಲೂ ಹೋಗುವುದಿಲ್ಲ.

ಇನ್ನು ಉಳಿದದ್ದು ಏನೂ ಮಾಡದಿರುವುದು. ಇಡೀ ಅಡುಗೆಯಲ್ಲಿ ಕಷ್ಟದ ಭಾಗ ಇದೇ. ಮುಚ್ಚಳ ಒಮ್ಮೆ ಎತ್ತಿದರೆ ಕಾವು ಹಾರಿಹೋಗಿ, ಮತ್ತೆ ಮೊದಲಿನ ಬಿಸಿಗೆ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಅಮ್ಮ ನೀರು ಕುಡಿಯಲು ಹೋದಾಗ ಒಮ್ಮೆ ಎತ್ತಿದಳು, ಲೋಟ ಇಡಲು ಹೋದಾಗ ಒಮ್ಮೆ. 'ಮುಚ್ಚಳ ತೆಗೆಯಬಾರದು' ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿ, ಬೋರ್ಡು ಹಾಕುವಂಥದ್ದು ಒಳಗೇನಿದೆ ಎಂದು ಎತ್ತಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ನಾನು ಕುರ್ಚಿಯನ್ನೇ ಅಡುಗೆಮನೆಗೆ ಎಳೆದು ತಂದು ಕಾವಲು ಕೂತೆ. ಪ್ಯೂರಿಟನ್ನರಿಗೆ ಪಾದ್ರಿಗಳಿದ್ದರು, ದಂಡವಿತ್ತು. ನನ್ನ ಹತ್ತಿರ ಒಂದು ಸೌಟು ಮಾತ್ರ. ಅಷ್ಟರಲ್ಲಿ ಮನೆಯಲ್ಲಿ ಆಲೆಮನೆಯ ವಾಸನೆ ಹಬ್ಬತೊಡಗಿತು. ಅಮ್ಮ ತಾನಾಗಿಯೇ ಎದುರಿಗೆ ಬಂದು ಕೂತಳು. ಕೊನೆಯ ಒಂದು ಗಂಟೆ ಮಾತ್ರ ಮುಚ್ಚಳ ತೆಗೆದಿಟ್ಟು ರಸ ಇಂಗಿಸಬೇಕು ಎಂದಾಗ, ಆ ಕೆಲಸ ತನ್ನದೆಂದು ಎದ್ದಳು.

ಕತ್ತಲಾದ ಮೇಲೆ ತಟ್ಟೆಗೆ ಬಡಿಸಿದೆವು. ಬಿಳಿ ಕಾಳು ಬೆಲ್ಲದಚ್ಚಿನ ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಇಲ್ಲಿಯವರ ಪ್ರಕಾರ ಡಬ್ಬಿಯಲ್ಲಿ ಹಬೆಗೆ ಬೇಯಿಸಿದ ಕಂದು ಬ್ರೆಡ್ ಇರಬೇಕು; ನಮ್ಮಲ್ಲಿದ್ದದ್ದು ಮುದ್ದೆ. ಅದೂ ಕಂದು, ಅದೂ ಬೆಂದದ್ದು. ಸಿಹಿ ಕಾಳಿಗೂ ಮುದ್ದೆಗೂ ಕೂಡಿಬರಲಿಲ್ಲ ಎಂಬುದು ನನ್ನ ತೀರ್ಪು. ಅಮ್ಮ ತೀರ್ಪು ಕೊಡದೆ ಎರಡನೇ ಸಲ ಹಾಕಿಸಿಕೊಂಡಳು.

"ಇದ್ನೇ ಬೆಳಿಗ್ಗೇನೂ ತಿಂತಿದ್ರಾ?"

"ಹೂಂ. ತಿಂದು ಚರ್ಚಿಗೆ ಹೋಗೋರು."

"ಎಷ್ಟೊತ್ತು ಕುಂತಿರೋರು?"

"ಬೆಳಿಗ್ಗೆ ಎರಡು ಮೂರು ಗಂಟೆ ಪ್ರವಚನ. ಮಧ್ಯಾಹ್ನ ಮತ್ತೊಂದು ಸಲ."

"ಎಲ್ಲಾ ಒಟ್ಗೇ?"

"ಒಂದೊಂದು ಮನೆಯವರಿಗೆ ಒಂದೊಂದು ಪೆಟ್ಟಿಗೆಯ ಹಾಗೆ ಮರದ ಕಟಕಟೆ. ಚಳಿಗಾಲ ಬೇರೆ, ಒಳಗೆ ಬೆಂಕಿ ಇಲ್ಲ. ಬಾಗಿಲು ಹಾಕಿಕೊಂಡು ಕೂರೋರು."

ಅಮ್ಮ ಸ್ವಲ್ಪ ಹೊತ್ತು ಪಾತ್ರೆಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಕೈ ತೊಳೆದು, ಊರಿಂದ ತಂದ ಇಂಗಿನ ಡಬ್ಬಿಯನ್ನು ಹುಡುಕತೊಡಗಿದಳು.