ಅಶ್ವಾರೋಹಣ

ವಿದ್ಯಾಪೀಠಕ್ಕೂ ಕುದುರೆಗೂ ನಮ್ಮ ಸೀಮೆಯಲ್ಲಿರುವ ಸಂಬಂಧವು ಬಹು ಪುರಾತನವಾದುದು. ಆದರೆ ಅಷ್ಟೇನೂ ಸೌಹಾರ್ದದಿಂದ ಕೂಡಿದುದಲ್ಲ. ಶಿರಾಳಕೊಪ್ಪದ ಸಮೀಪದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವನ್ನು ಓದಬಲ್ಲ ಪಂಡಿತರನ್ನು ಕೇಳಿದರೆ, ಆ ಊರಿನ ವಿಪ್ರಕುಮಾರನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ಉಚ್ಚ ವ್ಯಾಸಂಗಕ್ಕಾಗಿ ಕಂಚಿಯ ಘಟಿಕೆಗೆ ತೆರಳಿದನೆಂದೂ, ಅಲ್ಲಿ ಪಲ್ಲವರ ರಾವುತನೊಬ್ಬನ ದೆಸೆಯಿಂದ ಕಲಹವುಂಟಾಗಿ, ದರ್ಭೆ ಸಮಿತ್ತುಗಳನ್ನು ಹಿಡಿಯಬೇಕಾದ ಕೈಯಲ್ಲಿ ಖಡ್ಗವನ್ನು ಹಿಡಿದನೆಂದೂ, ಕದಂಬ ರಾಜ್ಯದ ಉದಯಕ್ಕೆ ಅದೇ ನಿಮಿತ್ತವಾಯಿತೆಂದೂ ಹೇಳುತ್ತಾರೆ. ಕಲಹದಲ್ಲಿ ಯಾರು ಯಾರಿಗೆ ಏನೆಂದರು ಎಂಬುದನ್ನು ಶಾಸನಕವಿ ಕುಬ್ಜನು ವಿವರಿಸುವ ಗೋಜಿಗೆ ಹೋಗಿಲ್ಲ. ಕುದುರೆಯ ಮೇಲೆ ಕುಳಿತವನು ನೆಲದ ಮೇಲೆ ನಿಂತವನನ್ನು ನೋಡುವ ಬಗೆಯೊಂದುಂಟು. ಅದೊಂದೇ ಸಾಕಾಗಿದ್ದಿರಬೇಕೆಂದು ನನ್ನ ಊಹೆ. ಆದರೆ ಘಟಿಕೆಯಲ್ಲಿ ಸವಾರಿಯನ್ನು ಕಲಿಸುವ ಸಂಘವೊಂದಿದ್ದು ಮಯೂರಶರ್ಮನು ಅದಕ್ಕೆ ಸೇರಿಕೊಂಡಿದ್ದ ಪಕ್ಷದಲ್ಲಿ, ರಾಜ್ಯ ಕಟ್ಟುವಷ್ಟು ತ್ರಾಣ ಅವನ ಸೊಂಟದಲ್ಲಿ ಉಳಿಯುತ್ತಿರಲಿಲ್ಲವೆಂಬುದು ಊಹೆಯಲ್ಲ, ಅನುಭವದ ಮಾತು.

ಸೊರಬದಲ್ಲಿ ಕುದುರೆಗಳಿಗೆ ಬರವಿಲ್ಲ. ಆದರೆ ಅವೆಲ್ಲವೂ ಕಲ್ಲಿನವು. ಕೆರೆಯ ಏರಿ, ಗುಡಿಯ ಅಂಗಳ, ಗದ್ದೆಯ ಅಂಚು, ಎಲ್ಲಿ ನೋಡಿದರೂ ವೀರಗಲ್ಲುಗಳಿರುವ ಈ ತಾಲ್ಲೂಕಿನಲ್ಲಿ, ಕುದುರೆಯೇರಿ ಕತ್ತಿ ಝಳಪಿಸುವ ಭಟರನ್ನು ನೋಡಿಕೊಂಡೇ ನಾವು ಶಾಲೆಗೆ ಹೋದೆವು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸನ್ನಿಧಿ. ಕೆಳಗೆ ಅಷ್ಟು ಪರಾಕ್ರಮ ತೋರಿದ ಕುದುರೆಯು ಮೇಲಿನ ಪಟ್ಟಿಕೆಗಳಲ್ಲಿ ಕಾಣದಿರುವುದೇಕೆಂದು ಬಾಲ್ಯದಲ್ಲಿ ನನಗೆ ಸಂದೇಹವಿತ್ತು. ಸವಾರಿ ಕಲಿತ ಮೇಲೆ ಆ ಸಂದೇಹ ನಿವೃತ್ತಿಯಾಯಿತು. ಆ ವೀರನು ಸ್ವರ್ಗದಲ್ಲಾದರೂ ನೆಮ್ಮದಿಯಿಂದ ಕುಳಿತುಕೊಳ್ಳಬೇಕಷ್ಟೆ.

ಜೀವಂತ ಕುದುರೆ ಮಾತ್ರ ನಮ್ಮ ಕಡೆ ಅಪರೂಪ. ಆಷಾಢದ ಮಳೆ, ಜಾರುವ ಜಂಬಿಟ್ಟಿಗೆಯ ಇಳಿಜಾರು, ಕಾಲಿಗೆ ಹತ್ತುವ ಉಂಬಳ, ಇವುಗಳ ನಡುವೆ ಎತ್ತಿನ ಗಾಡಿಯೇ ಸರಿಯೆಂದು ಹಿರಿಯರು ತೀರ್ಮಾನಿಸಿದ್ದರು. ಆದುದರಿಂದ, ಪಶುವೈದ್ಯ ವಿದ್ಯೆಗಾಗಿ ಬೆಂಗಳೂರಿನ ಹೆಬ್ಬಾಳಕ್ಕೆ ಹೋದ ನಾನು ಅಲ್ಲಿಯ ಎನ್.ಸಿ.ಸಿ. ಅಶ್ವದಳಕ್ಕೆ ಸೇರಿದೆನೆಂದು ಮನೆಗೆ ಕಾಗದ ಬರೆದಾಗ, ಅಜ್ಜನು ಅದನ್ನು ಎರಡು ಸಲ ಓದಿಸಿಕೊಂಡು, "ಕುದುರೆ ಅಮಲ್ದಾರರಿಗಾಯಿತು, ಮದುವಣಿಗನಿಗಾಯಿತು, ಇವನಿಗೆ ಎರಡೂ ಯೋಗ ಸದ್ಯಕ್ಕೆ ಕಾಣೆ" ಎಂದನಂತೆ.

1948ರಲ್ಲಿ ಆರಂಭವಾದ ಎನ್.ಸಿ.ಸಿ.ಯಲ್ಲಿ ಕವಾಯತು ಮಾಡುವವರು ಅಸಂಖ್ಯಾತರು. ಕುದುರೆಯಿರುವ ದಳಗಳು ವಿರಳ. 'ರಿಮೌಂಟ್ ಮತ್ತು ವೆಟರ್ನರಿ' ಎಂಬ ನಮ್ಮ ದಳದ ನಾಮಧೇಯದ ಗಾಂಭೀರ್ಯವನ್ನು ಕಂಡು, ಮರುದಿನವೇ ಜೀನಿನ ಮೇಲೆ ವಿರಾಜಮಾನರಾಗುವೆವೆಂದು ನಂಬಿ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೋದ ನಮ್ಮ ಕೈಗೆ ಮೊದಲು ಬಂದುದು ಲಗಾಮಲ್ಲ, ಪೊರಕೆ. ಸವಾರಿಯೆಂಬ ವಿದ್ಯೆಯ ಮುಕ್ಕಾಲು ಪಾಲು ನೆಲದ ಮೇಲೆಯೇ ನಡೆಯುತ್ತದೆಂಬುದನ್ನು ಈ ವಿಷಯ ಬಲ್ಲವರಾರೂ ಮೊದಲೇ ಹೇಳುವುದಿಲ್ಲ. ಹೇಳಿದರೆ ಲಾಯ ಗುಡಿಸುವವರು ಸಿಗುವುದಿಲ್ಲ. ಸೂರ್ಯೋದಯಕ್ಕೆ ಮುನ್ನ ಲದ್ದಿ ಎತ್ತುವುದು, ಒದ್ದೆ ಹುಲ್ಲನ್ನು ಬೇರ್ಪಡಿಸುವುದು, ಮೈಗೆ ಮಾಲೀಸು ಮಾಡುವುದು, ನೀರು ಕುಡಿಸುವುದು, ದಾಣಿ ಇಡುವುದು. ಕುದುರೆಗೆ ವಾಂತಿ ಮಾಡುವ ಸಾಮರ್ಥ್ಯವಿಲ್ಲದಿರುವುದರಿಂದ ತಿಂದುದು ಕೆಟ್ಟರೆ ಹೊಟ್ಟೆಶೂಲೆಯಿಂದ ಪ್ರಾಣಕ್ಕೇ ಅಪಾಯವೆಂದು ಉಸ್ತಾದರು ಎಚ್ಚರಿಸಿದ್ದರಾಗಿ, ಅದರ ಆಹಾರವನ್ನು ನಾವು ಪರೀಕ್ಷಿಸಿದಷ್ಟು ಶ್ರದ್ಧೆಯಿಂದ ಹಾಸ್ಟೆಲಿನಲ್ಲಿ ನಮ್ಮ ಅನ್ನವನ್ನು ಯಾರೂ ಪರೀಕ್ಷಿಸಿದುದಿಲ್ಲ.

ಗೊರಸು ಶುದ್ಧಿಯದು ಬೇರೊಂದು ಅಧ್ಯಾಯ. ಕುದುರೆಯ ಬಾಲದ ಕಡೆಗೆ ಮುಖಮಾಡಿ, ಅದರ ಭುಜಕ್ಕೆ ಭುಜ ಕೊಟ್ಟು ನಿಂತು, ಕೈಯನ್ನು ಮುಂಗಾಲಿನ ಹಿಂಬದಿಯ ನರದ ಗುಂಟ ಮೆಲ್ಲನೆ ಕೆಳಗಿಳಿಸಿ, ಗಿಣ್ಣಿನ ಮೇಲೆ ಮೃದುವಾಗಿ ಅದುಮಿದರೆ ಅದು ಕಾಲೆತ್ತಿ ಕೊಡುತ್ತದೆ. ಎತ್ತಿದ ಗೊರಸನ್ನು ಅಂಗೈಯಲ್ಲಿ ಹಿಡಿದು, ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಮಣ್ಣು, ಕಲ್ಲು, ಲದ್ದಿಗಳನ್ನು ಕೆರೆದು ತೆಗೆಯಬೇಕು. ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗಕ್ಕೆ ಮಾತ್ರ ಕೊಕ್ಕೆ ತಗುಲಕೂಡದು. ಪಾಠವಿಷ್ಟೆ. ಪಾಠದಲ್ಲಿಲ್ಲದ ಸಂಗತಿಯೆಂದರೆ, ಮೂರು ಕಾಲಿನ ಮೇಲೆ ನಿಂತ ಕುದುರೆಯು, ಮದುವೆಮನೆಯಲ್ಲಿ ಪಕ್ಕದವನ ಹೆಗಲಿಗೊರಗಿ ನಿದ್ದೆಹೋಗುವ ದೂರದ ನೆಂಟನಂತೆ, ತನ್ನ ನಾನೂರು ಕಿಲೋ ಚಿಲ್ಲರೆ ಭಾರದ ಯಥೋಚಿತ ಭಾಗವನ್ನು ನಮ್ಮ ಮೇಲೆ ಹಾಕಿ ವಿಶ್ರಾಂತಿ ಪಡೆಯುತ್ತದೆ. ಯಾರು ಯಾರನ್ನು ಹೊರುವ ಸಂಘವಿದು ಎಂಬ ಪ್ರಶ್ನೆಯನ್ನು ನಾನು ಉಸ್ತಾದರಲ್ಲಿ ಎತ್ತಲಿಲ್ಲ.

ಅಂತೂ ಹತ್ತುವ ದಿನ ಬಂದಿತು. ಎಡಮಗ್ಗುಲಿನಿಂದಲೇ ಹತ್ತಬೇಕು, ಹಿಂದಿನ ಕಾಲದ ಯೋಧರು ಎಡಗಡೆ ಖಡ್ಗ ಧರಿಸುತ್ತಿದ್ದುದರಿಂದ ಬಂದ ಪದ್ಧತಿಯಂತೆ. ನಮ್ಮ ಸೊಂಟದಲ್ಲಿ ಹಾಸ್ಟೆಲಿನ ಬೀಗದ ಕೈಯನ್ನುಳಿದು ಬೇರೆ ಆಯುಧವಿರದಿದ್ದರೂ ಪದ್ಧತಿಯನ್ನು ಮೀರುವಂತಿರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ್ದ ನನಗೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತಗಳೆಂಬ ಅಶ್ವಗತಿಗಳೈದೂ ಕರತಲಾಮಲಕವಾಗಿದ್ದವು. ಆದರೆ ಕುದುರೆಗೆ ಅಮರಸಿಂಹನ ಪರಿಚಯವಿರಲಿಲ್ಲ. ನಡಿಗೆಯಲ್ಲಿ ಅದು ನಾಲ್ಕು ಪೆಟ್ಟಿನ ತಾಳದಲ್ಲಿ ಸಾಗುವಾಗ ಲೋಕವೇ ರಮ್ಯವಾಗಿ ಕಾಣುತ್ತದೆ. ಎರಡು ಪೆಟ್ಟಿನ ದುಡುಕುಲೋಟಕ್ಕೆ ಏರಿತೆಂದರೆ, ಒಂದು ಪೆಟ್ಟಿಗೆ ಏಳಬೇಕು, ಮುಂದಿನ ಪೆಟ್ಟಿಗೆ ಕೂರಬೇಕು. ಅದು ಏಳುವಾಗ ನಾನು ಕೂರುತ್ತಲೂ, ನಾನು ಏಳುವಾಗ ಅದು ಇಳಿಯುತ್ತಲೂ ಇದ್ದುದರಿಂದ ನಾವಿಬ್ಬರೂ ಪ್ರತಿ ಹೆಜ್ಜೆಗೂ ಹೊಸದಾಗಿ ಪರಿಚಯ ಮಾಡಿಕೊಳ್ಳುವಂತಾಯಿತು. ಮೈದಾನದ ನಡುವಿನಿಂದ ಉಸ್ತಾದರು "ಎಡಿ ನೀಚೆ, ನಜರ್ ಸಾಮ್ನೆ" ಎಂದು ಕೂಗುತ್ತಲೇ ಇದ್ದರು. ಹಿಮ್ಮಡಿ ಕೆಳಗೆ, ದೃಷ್ಟಿ ಮುಂದೆ: ಅಷ್ಟೇ ಅವರ ಸಮಗ್ರ ದರ್ಶನ. ಅದಕ್ಕಿಂತ ಹೆಚ್ಚಿನದನ್ನು ಸವಾರಿಯ ಯಾವ ಗ್ರಂಥದಲ್ಲಿಯೂ ನಾನು ಕಂಡಿಲ್ಲ.

ಮುಂದೆ ಸ್ಪರ್ಧಾತಂಡದ ಆಯ್ಕೆ ಬಂದಿತು. ಗಣರಾಜ್ಯೋತ್ಸವ ಶಿಬಿರಕ್ಕಾಗಿ ದೆಹಲಿಗೆ ಹೋಗುವವರನ್ನು ಆರಿಸುವ ಕಾಲವದು. ಓಡುವ ಕುದುರೆಯ ಮೇಲಿನಿಂದ ಭಲ್ಲೆಯಿಂದ ಗೂಟ ಕೀಳುವ ಪಂದ್ಯವೊಂದು. ಅಡ್ಡಗಂಬಗಳನ್ನು ಹಾರಿಸುವ ಪಂದ್ಯ ಇನ್ನೊಂದು. ಎರಡನೆಯದರಲ್ಲಿ ಕಂಬವೊಂದು ಬಿದ್ದರೆ 4 ದೋಷಾಂಕಗಳು. ನನ್ನ ಪಾಲಿಗೆ ಬಂದ ಕುದುರೆಯು (ಅದರ ಮರ್ಯಾದೆಯ ದೃಷ್ಟಿಯಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ) ಮೂರನೆಯ ತಡೆಯ ತನಕ ಉತ್ಸಾಹದಿಂದ ಬಂದು, ಅದರ ಮುಂದೆ ಏನನ್ನೋ ನೆನೆದುಕೊಂಡು ಸ್ತಂಭೀಭೂತವಾಗಿ ನಿಂತಿತು. ನಾನು ನಿಲ್ಲಲಿಲ್ಲ. ಒಂದು ಕಂಬವನ್ನೂ ಬೀಳಿಸದೆ ಆಚೆ ದಾಟಿದೆನಾದರೂ, ಸವಾರನೊಬ್ಬನೇ ದಾಟಿದುದಕ್ಕೆ ಅಂಕ ಕೊಡುವ ನಿಯಮವು ಇನ್ನೂ ರಚಿತವಾಗಿರಲಿಲ್ಲ. ಅದೇ ಕುದುರೆಯನ್ನು ನನ್ನ ಬಳಿಕ ಏರಿದ ಸಹಪಾಠಿನಿಯೊಬ್ಬಳು, ನನಗಿಂತ ಗೇಣು ಗಿಡ್ಡಳಾದವಳು, ಅದರ ಕುತ್ತಿಗೆ ತಟ್ಟಿ ಏನನ್ನೋ ಹೇಳಿ, ಎಲ್ಲ ತಡೆಗಳನ್ನೂ ನಿರ್ದೋಷವಾಗಿ ಹಾರಿಸಿ ತಂಡಕ್ಕೆ ಆಯ್ಕೆಯಾದಳು. ಒಲಿಂಪಿಕ್ಸ್‌ನಲ್ಲಿಯೂ ಸ್ತ್ರೀಪುರುಷರು ಬೇರ್ಪಡದೆ ಒಂದೇ ಕಣದಲ್ಲಿ ಸ್ಪರ್ಧಿಸುವ ಕ್ರೀಡೆಯಿದು. ಏಕೆಂಬುದನ್ನು ಅಂದು ಕಣ್ಣಾರೆ ಕಂಡೆನು. ಆಕೆ ಅದಕ್ಕೆ ಏನು ಹೇಳಿದಳೆಂದು ಬಹಳ ಕಾಲದ ಮೇಲೆ ಕೇಳಿದಾಗ, "ದಿನಾ ಗೊರಸು ತೆಗೆದವಳು ನಾನೇ ಅಲ್ಲವೆ, ಹೇಳುವುದೇನಿತ್ತು" ಎಂದಳು.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುವೀರ್ ಸಿಂಗ್ ಸ್ವರ್ಣ ಗೆದ್ದ ಮೇಲೆ, ವೈಯಕ್ತಿಕ ಅಶ್ವಸ್ಪರ್ಧೆಯ ಪದಕವೊಂದು ಭಾರತಕ್ಕೆ ಮತ್ತೆ ಬಂದುದು 2018ರ ಜಕಾರ್ತದಲ್ಲಿ; ತಂದವನು ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ, ರಜತಪದಕ. ಈ ಕ್ರೀಡೆಯ ಫಲಿತಾಂಶ ಪಟ್ಟಿಯಲ್ಲಿ ಸವಾರನ ಹೆಸರಿನೊಡನೆ ಕುದುರೆಯ ಹೆಸರನ್ನೂ ಬರೆಯುತ್ತಾರೆ. ನಮ್ಮ ವೀರಗಲ್ಲಿನ ಶಿಲ್ಪಿಗಳು ಮಾಡದ ನ್ಯಾಯವಿದು. ನನಗೆ ಬಹಳ ಸರಿಯೆನಿಸುತ್ತದೆ.

ಈಗ ಶಿವಮೊಗ್ಗೆಯಲ್ಲಿಯೇ ಪಶುವೈದ್ಯ ಕಾಲೇಜಾಗಿದೆ. ಸೊರಬ ಶಿಕಾರಿಪುರಗಳ ಹುಡುಗ ಹುಡುಗಿಯರಿಗೆ ಹೆಬ್ಬಾಳದವರೆಗೆ ಹೋಗಲೇಬೇಕೆಂಬ ನಿರ್ಬಂಧವಿಲ್ಲ. ಆದರೂ ಎಲ್ಲಿಗಾದರೂ ಓದಲು ಹೋಗಿ, ಅಲ್ಲಿ ಅಶ್ವದಳವೊಂದು ಕಣ್ಣಿಗೆ ಬಿದ್ದರೆ, ಹಿಂದುಮುಂದು ನೋಡದೆ ಸೇರಿಕೊಳ್ಳಿರೆಂದು ನನ್ನ ವಿಜ್ಞಾಪನೆ. ಪರೀಕ್ಷೆ ಹತ್ತಿರವಿದ್ದಾಗ ಮಾತ್ರ ಬೇಡ. ಮೊದಲ ತಿಂಗಳಿನ ಪಾಠಗಳೆಲ್ಲವನ್ನೂ ನಿಂತುಕೊಂಡೇ ಓದಬೇಕಾಗುತ್ತದೆ.