ರೀಚಾರ್ಜ್ ಸಾಹುಕಾರರು

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಾಗಲಿ, ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಗಲ್ಲಾಪೆಟ್ಟಿಗೆಯ ಪಕ್ಕ ಮೂರು ಫೋನುಗಳನ್ನು ಸಾಲಾಗಿ ಇಟ್ಟುಕೊಂಡು ಕೂತವರು ಕಂಡರೆ ಅವರೇ ರೀಚಾರ್ಜ್ ಸಾಹುಕಾರರು. ಒಂದು ಫೋನು ಮಾತಿಗೆ, ಇನ್ನೊಂದು ಡೇಟಾಕ್ಕೆ. ಮೂರನೆಯದರ ವ್ಯಾಲಿಡಿಟಿ ಮೊನ್ನೆಯೇ ಮುಗಿದಿದೆ. ಅಂಗಡಿಯ ಬೋರ್ಡು, ಬಿಲ್ ಪುಸ್ತಕ, ಹೊಸ ವರ್ಷಕ್ಕೆ ಹಂಚಿದ ಕ್ಯಾಲೆಂಡರು, ಎಲ್ಲದರ ಮೇಲೂ ಅಚ್ಚಾಗಿರುವುದು ಆ ಮೂರನೆಯದರ ನಂಬರು. ಊರಿನವರು ಇವರನ್ನು ಜಿಪುಣರೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಜಿಪುಣನಾದವನು ಮೂರು ಫೋನು ಸಾಕುವುದಿಲ್ಲ. ಸಾಹುಕಾರರು ನುರಿತ ವ್ಯಾಪಾರಿಗಳು, ಅವರ ಕಷ್ಟ ಶುರುವಾಗುವುದೂ ಅಲ್ಲಿಂದಲೇ: ಇಂಟರ್ನೆಟ್ಟನ್ನೂ ಅವರು ಸರಕೆಂದೇ ಕೊಳ್ಳುತ್ತಾರೆ. ಸರಕಾದರೆ ತೂಕ, ದರ, ರಿಯಾಯಿತಿ ನೋಡಿದರೆ ಸಾಕು. ಆದರೆ ಅಂಗಡಿಗೆ ಬೇಕಾದ ಸಂಪರ್ಕದಲ್ಲಿ ನೋಡಬೇಕಾದದ್ದು, ವೈರು ತುಂಡಾದಾಗ ಏಣಿ ಹೊತ್ತು ಬರುವವನು ಯಾರು, ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದು. ಅದು ಯಾವ ಕಂಪನಿಯ ಪಾಂಪ್ಲೆಟ್ಟಿನಲ್ಲೂ ಇರುವುದಿಲ್ಲ.

ಸರಕಿನ ದೃಷ್ಟಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೋಡಬೇಕಾದರೆ ರಾತ್ರಿ ಹನ್ನೊಂದರ ಮೇಲೆ ನೋಡಬೇಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು; ಉಳಿದದ್ದು ನಡುರಾತ್ರಿ ಹನ್ನೆರಡಕ್ಕೆ ಹೋಗಿಬಿಡುತ್ತದೆ. ಗೋಡೌನಿನಲ್ಲಿ ಒಂದು ಅಚ್ಚು ಬೆಲ್ಲ ಹಾಳಾಗಲು ಬಿಡದವರು ಮುಕ್ಕಾಲು ಜಿಬಿ ಹಾಳಾಗಲು ಬಿಟ್ಟಾರೆಯೇ? ಹಾಟ್‌ಸ್ಪಾಟ್ ಹಾಕಿ ಅಳಿಯನಿಗೆ ಕೊಡುತ್ತಾರೆ, ಅವನು ಮಲಗಿದ್ದರೆ ಎಬ್ಬಿಸುತ್ತಾರೆ, ಯಾರೂ ಇಲ್ಲದಿದ್ದರೆ ತಮಗೆ ಗೊತ್ತಿಲ್ಲದ ಭಾಷೆಯ ಸಿನಿಮಾವೊಂದನ್ನು ಕಣ್ಣುಜ್ಜಿಕೊಳ್ಳುತ್ತಾ ನೋಡಿ ಮುಗಿಸುತ್ತಾರೆ. ಅಂಗಡಿಗೆ ಮಾತ್ರ 100 ಎಂಬಿಪಿಎಸ್ ಬೇಕೇ, 200 ಬೇಕೇ ಎಂದು ವಾರವಿಡೀ ಪಂಚಾಯಿತಿ. ಆ ಎಂಬಿ ಮೆಗಾಬಿಟ್ಟು, 100ನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಬರುವುದು ಹನ್ನೆರಡೂವರೆ ಮೆಗಾಬೈಟು, ಅದೂ ‘ವರೆಗೆ’ ಎಂಬ ಷರತ್ತಿನ ಮೇಲೆ. ಅಂಗಡಿಯಲ್ಲಿ ನಡೆಯುವ ಕೆಲಸವಾದರೂ ಏನು? ಬಿಲ್ಲಿಂಗ್ ಸಾಫ್ಟ್‌ವೇರು, ಕಾರ್ಡು ಉಜ್ಜುವ ಮಿಷನ್ನು, ವಾಟ್ಸಾಪಿನಲ್ಲಿ ಬರುವ ಸಾಮಾನಿನ ಚೀಟಿ. ಸಿಸಿಟಿವಿಯನ್ನು ಮನೆಯಿಂದ ನೋಡುವ ಚಟವೊಂದನ್ನು ಬಿಟ್ಟರೆ ಇವಕ್ಕೆಲ್ಲ ಬೇಕಾದ ಡೇಟಾ ಚಿಟಿಕೆಯಷ್ಟು; ಬೇಕಾದದ್ದು ಅದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಡಿಯದೆ ಇರುವುದು. ಕರೆಂಟು ಹೋದರೆ ರೌಟರೂ ಹೋಗುತ್ತದೆ, ಅದಕ್ಕೊಂದು ಚಿಕ್ಕ ಯುಪಿಎಸ್ ಇಡಿಸಿ ಎಂದರೆ, ಅದು ಪ್ಲಾನಿನಲ್ಲಿ ಫ್ರೀ ಬರುವುದಿಲ್ಲವಲ್ಲ ಎನ್ನುತ್ತಾರೆ. ತಾಮ್ರದ ತಂತಿಯ ಹಳೆಯ ಲ್ಯಾಂಡ್‌ಲೈನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿತ್ತು, ಊರು ಕತ್ತಲಾದರೂ ಅದು ಬಡಿದುಕೊಳ್ಳುತ್ತಿತ್ತು. ಅದನ್ನು ಮಾತ್ರ ಬಾಡಿಗೆ ದಂಡವೆಂದು ಎಂದೋ ಸರೆಂಡರ್ ಮಾಡಿಯಾಗಿದೆ.

ರೂಪಾಯಿಗೆ ನಾಲ್ಕಾಣೆಯೂ ಉಳಿಯದ ವ್ಯಾಪಾರದಲ್ಲಿ ದರ ನೋಡದೆ ಇನ್ನೇನು ನೋಡಬೇಕು ಎಂದು ಯಾರಾದರೂ ಅವರ ಪರವಾಗಿ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸಾಹುಕಾರರ ಅನುಮಾನದ ಬುದ್ಧಿಯನ್ನು ಬೆಳೆಸಿದ್ದೇ ಕಂಪನಿಗಳು. ತಿಂಗಳೆಂದರೆ 28 ದಿನ ಎಂದು ಅವು ಹೊಸ ಪಂಚಾಂಗ ಬರೆದಾಗ, ವರ್ಷಕ್ಕೆ 12 ಅಲ್ಲ 13 ರೀಚಾರ್ಜು ಬೀಳುತ್ತದೆಂದು ಬಾಯಲ್ಲೇ ಲೆಕ್ಕ ಹಾಕಿ ಹೇಳಿದವರು ಇಂಥವರೇ. ಕೊನೆಗೆ ಟೆಲಿಕಾಂ ನಿಯಂತ್ರಕ ಟ್ರಾಯ್ ಸಂಸ್ಥೆ 2022ರಲ್ಲಿ 30 ದಿನದ ಪ್ಲಾನೊಂದಾದರೂ ಇರಲಿ ಎಂದು ಆದೇಶ ಮಾಡಬೇಕಾಯಿತು. ಆದರೆ ಇದೇ ಲೆಕ್ಕಿಗರು ಫೈಬರ್ ಕನೆಕ್ಷನ್ನನ್ನು ಮನೆಯ ಯಜಮಾನ್ತಿಯ ಹೆಸರಿನಲ್ಲಿ ತೆಗೆಸುತ್ತಾರೆ, ಮನೆ ಪ್ಲಾನು ಅಗ್ಗವೆಂದು. ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಇರುತ್ತದೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಅದು ಹೇಗೂ ವಾಪಸ್ ಸಿಗದು. ರೆಗ್ಯುಲರ್ ಆಗಿದ್ದು ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿ ಬಿಲ್ಲು ತಂದಿದ್ದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತಿತ್ತು. ದರ ನೋಡುವುದರಲ್ಲೂ ಪೂರ್ತಿ ನೋಡಲಿಲ್ಲ ಎಂಬುದೇ ನನ್ನ ತಕರಾರು.

ಎಲ್ಲ ಕಂಪನಿಯೂ ಒಂದೇ, ಇವನು ಕೈಕೊಟ್ಟರೆ ಅವನಿಗೆ ಪೋರ್ಟ್ ಆದರಾಯಿತು ಎಂಬುದು ಸಾಹುಕಾರರ ಬ್ರಹ್ಮಾಸ್ತ್ರ. ನಂಬರು ಉಳಿಸಿಕೊಂಡು ಕಂಪನಿ ಬಿಡುವ ಸೌಲಭ್ಯ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ಸಾಹುಕಾರರು ಅದನ್ನು ಚೌಕಾಸಿಗೆ ಬಳಸುತ್ತಾರೆ: 1900ಕ್ಕೆ ಮೆಸೇಜು ಹಾಕಿ ಕೋಡು ತರಿಸಿಕೊಳ್ಳುವುದು, ಕಂಪನಿಯಿಂದ ‘ಯಾಕೆ ಸಾರ್ ಬಿಡ್ತಿದೀರಾ’ ಎಂದು ಫೋನು ಬರಲಿ ಎಂದು ಕಾಯುವುದು. ಬಂದರೆ ಆಫರು ಕೇಳುತ್ತಾರೆ, ಬರದಿದ್ದರೆ ನಾಲ್ಕು ದಿನಕ್ಕೆ ಕೋಡು ತಾನೇ ಸಾಯುತ್ತದೆ, ಮರ್ಯಾದೆ ಉಳಿಯುತ್ತದೆ. ಮೊಬೈಲಿಗೆ ಈ ಆಟ ನಡೆದೀತು, ಫೈಬರಿಗೆ ನಡೆಯದು. ಜಿಲ್ಲೆ, ತಾಲ್ಲೂಕು ಊರುಗಳಲ್ಲಿ ಕಂಪನಿಯ ಹೆಸರು ಯಾವುದೇ ಇರಲಿ, ಬೀದಿಯಲ್ಲಿ ವೈರು ಎಳೆದು ನೋಡಿಕೊಳ್ಳುವವರು ಬಹಳ ಕಡೆ ಅಲ್ಲಿನ ಕೇಬಲ್ಲಿನವರೇ. ಹಾಗಾಗಿ ಒಂದೇ ಕಂಪನಿ ಈ ಬೀದಿಯಲ್ಲಿ ಚಿನ್ನ, ಆಚೆ ಬೀದಿಯಲ್ಲಿ ತಲೆನೋವು. ಪಕ್ಕದ ಅಂಗಡಿಯವರನ್ನು ‘ಹೋದ ಮಳೆಗಾಲದಲ್ಲಿ ಎಷ್ಟು ಸಲ ಹೋಯ್ತು, ಯಾರು ಬಂದ್ರು?’ ಎಂದು ಕೇಳಿದ್ದರೆ ಯಾವ ಪಾಂಪ್ಲೆಟ್ಟೂ ಹೇಳದ್ದು ತಿಳಿಯುತ್ತಿತ್ತು. ಸಾಹುಕಾರರು ಕೇಳುವುದು, ‘ನಿಮಗೆಷ್ಟಕ್ಕೆ ಕೊಟ್ಟ?’

ನ್ಯಾಯವಾಗಿ ಹೇಳಬೇಕೆಂದರೆ, ನಾಲ್ಕು ಸಲ ಪೆಟ್ಟು ತಿಂದ ಮೇಲೆ ಇವರೂ ಬದಲಾಗುತ್ತಾರೆ. ಒಂದು ಕಡಿದರೆ ಇನ್ನೊಂದಿರಲಿ ಎಂದು ಎರಡು ಕಂಪನಿಯ ಫೈಬರ್ ಹಾಕಿಸುತ್ತಾರೆ. ಎರಡನ್ನೂ ಒಬ್ಬನೇ ಕೇಬಲ್ ಹುಡುಗನ ಕೈಲಿ, ಜೋಡಿಗೆ ಇಷ್ಟು ಎಂದು ಮಾತಾಡಿ. ಹುಡುಗ ಎರಡನ್ನೂ ಒಂದೇ ಲೈಟುಕಂಬಕ್ಕೆ ಸುತ್ತಿ ಒಂದೇ ತೂತಿನಿಂದ ಒಳಗೆ ತರುತ್ತಾನೆ. ಹುಲ್ಲಿನ ಲಾರಿಯೊಂದು ಆ ಬೀದಿಗೆ ಬಂದ ದಿನ ಎರಡೂ ಒಟ್ಟಿಗೆ ನೆಲಕ್ಕೆ. ಬಿಲ್ಲಿಂಗ್ ನಿಂತಿತು, ಕ್ಯಾಮೆರಾ ನಿಂತಿತು. ಗಲ್ಲಾದ ಮೇಲಿನ ಸೌಂಡ್‌ಬಾಕ್ಸು ಮಾತ್ರ ಬಂದ ದುಡ್ಡನ್ನು ಒಂದೇ ಸಮನೆ ಕೂಗುತ್ತಿದೆ. ಅದರ ಹೊಟ್ಟೆಯೊಳಗೆ ಅದರದ್ದೇ ಒಂದು ಸಿಮ್ಮಿದೆ. ಅದು ಯಾವ ಕಂಪನಿಯದು, ದಿನಕ್ಕೆಷ್ಟು ಜಿಬಿ ಎಂದು ಸಾಹುಕಾರರು ಇದುವರೆಗೂ ವಿಚಾರಿಸಿಲ್ಲ.