ಲೋಮಮೀಮಾಂಸೆ

ಹಿಡಿಯುವುದಕ್ಕೆ ಒಂದು ತುದಿ, ತಿಕ್ಕುವುದಕ್ಕೆ ಇನ್ನೊಂದು ತುದಿ, ನಡುವೆ ಬಿಗಿಯಾದ ಒಂದು ಕಟ್ಟು. ಇಷ್ಟಿದ್ದರೆ ಅದು ಬ್ರಷ್ಷು. ಈ ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಲ್ಲಿ ಒಂದೂ ಇಲ್ಲವೆಂದು ನಾವು ಎದೆ ತಟ್ಟಿಕೊಳ್ಳುವಷ್ಟರಲ್ಲೇ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. “ಹಾಗಾದರೆ ಕುದುರೆಯ ಬಾಲವೂ ಬ್ರಷ್ಷೇ?” ಅಲ್ಲ. ಬಾಲದ ಹಿಡಿಕೆ ಕುದುರೆಯ ವಶದಲ್ಲಿದೆ, ನಮ್ಮ ವಶದಲ್ಲಿಲ್ಲ, ಅದು ಕಚ್ಚಾಮಾಲು. “ಪಾರ್ಕಿನಲ್ಲಿ ಕೆಂಪಗೆ ತೂಗುವ ಬಾಟಲ್ ಬ್ರಷ್ ಹೂವು?” ಅದು ಆಸ್ಟ್ರೇಲಿಯಾದಿಂದ ಬಂದ ಗಿಡ. ಅದರಲ್ಲಿ ಬಾಟಲಿ ತೊಳೆಯಲು ಹೋದವರಿಗೆ ಬಾಟಲಿ ತುಂಬ ಕೇಸರ ಸಿಕ್ಕೀತು. ಪೂರ್ವಪಕ್ಷ ಕುಳಿತುಕೊಳ್ಳುತ್ತದೆ.

ಲಕ್ಷಣ ಗಟ್ಟಿಯಾಯಿತು, ಇನ್ನು ಮತಭೇದ. ಈ ಶಾಸ್ತ್ರದಲ್ಲಿ ಮೂರು ಪಂಗಡಗಳಿವೆ. ಪ್ರಾಣಿಯ ಮೈಮೇಲೆ ಬೆಳೆದದ್ದೇ ಪ್ರಮಾಣ ಎನ್ನುವವರು ಲೋಮವಾದಿಗಳು. ಗಿಡಮರದಿಂದ ಬಂದದ್ದೇ ಸಾಕು ಎನ್ನುವವರು ನಾರುವಾದಿಗಳು. ಎರಡೂ ಬೇಡ, ಕಾರ್ಖಾನೆಯಲ್ಲಿ ಎಳೆದರಾಯಿತು ಎನ್ನುವವರು ನೈಲಾನ್‌ವಾದಿಗಳು. ಮೊದಲಿನೆರಡು ಅನಾದಿ. ಮೂರನೆಯದಕ್ಕೆ ಸ್ಪಷ್ಟವಾದ ಆದಿಯಿದೆ: 1938ರಲ್ಲಿ ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿಯ ನೈಲಾನ್ ಎಳೆ ಹಾಕಿದ ಹಲ್ಲುಜ್ಜುವ ಬ್ರಷ್ಷು ಅಂಗಡಿಗೆ ಬಂತು. ನೈಲಾನ್ ಕಾಲುಚೀಲ ಬಂದದ್ದು ಆಮೇಲೆ. ಅಂದರೆ ನೈಲಾನು ಮನುಷ್ಯನ ಕಾಲಿಗೆ ಬೀಳುವ ಮೊದಲೇ ಬಾಯಿಗೆ ಬಿದ್ದಿತ್ತು.

ಈ ಮೂವರ ಜಗಳವನ್ನು ಒಂದೇ ಏಟಿಗೆ ಬಗೆಹರಿಸುವ ಸಿದ್ಧಾಂತವೊಂದನ್ನು ನಾವು ಇಲ್ಲಿ ಮಂಡಿಸುತ್ತಿದ್ದೇವೆ. ಅದಕ್ಕೆ ವಿಲೋಮ ನ್ಯಾಯವೆಂದು ಹೆಸರು. ಸೂತ್ರ ಹೀಗಿದೆ: ಕೂದಲು ದುಬಾರಿಯಾದಷ್ಟೂ ಅದು ಮಾಡುವ ಕೆಲಸ ಕಿರಿದು.

ನಿದರ್ಶನಕ್ಕೆ ಜಲವರ್ಣದ ಕಲಾವಿದರು ಪ್ರಾಣ ಬಿಡುವ ಕೊಲಿನ್‌ಸ್ಕಿ ಕುಂಚವನ್ನೇ ನೋಡಬಹುದು. ಸೈಬೀರಿಯಾ ಕಡೆಯ ವೀಸಲ್ ಎಂಬ ಸಣ್ಣ ಪ್ರಾಣಿಯ ಬಾಲದ ಕೂದಲು ಅದು. ನೀರಿನಲ್ಲಿ ಅದ್ದಿ ಒಮ್ಮೆ ಕೊಡವಿದರೆ ತುದಿ ಸೂಜಿಮೊನೆಗೆ ಬಂದು ನಿಲ್ಲುತ್ತದೆ. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ, ಆಕೆಗೆ ಇಷ್ಟವಾದ 7ನೇ ನಂಬರಿನ ಅಳತೆಯಲ್ಲಿ, ಇಂಥ ಕುಂಚ ಮಾಡಿಕೊಟ್ಟಿತು. ಸೀರೀಸ್ 7 ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಮಾರಾಟದಲ್ಲಿದೆ. ಸೂರ್ಯ ಮುಳುಗದ ಸಾಮ್ರಾಜ್ಯವನ್ನು ಆಳುತ್ತಿದ್ದವರ ಕುಂಚದ ಸಾಮ್ರಾಜ್ಯ ಒಂದು ಹಾಳೆ ಕಾಗದ. ಅತ್ತ ದುಡ್ಡಿಲ್ಲದೆ ಹಿತ್ತಿಲಲ್ಲಿ ಸಿಗುವ ತೆಂಗಿನ ಕಡ್ಡಿಯ ಪೊರಕೆ ಬೆಳಗಾಗುವಷ್ಟರಲ್ಲಿ ಅಂಗಳ, ಕೊಟ್ಟಿಗೆ, ಎದುರಿನ ರಸ್ತೆಯ ಅರ್ಧ ಮುಗಿಸಿ ಮೂಲೆ ಸೇರಿರುತ್ತದೆ. ನ್ಯಾಯ ಸಿದ್ಧವಾಯಿತು.

ಅಂಗಡಿಯಲ್ಲಿ ‘ಒಂಟೆ ಕೂದಲು’ ಎಂದು ಕೊಡುವ ಕುಂಚದಲ್ಲಿ ಒಂಟೆ ಇರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅದರಲ್ಲಿರುವುದು ಅಳಿಲು, ಮೇಕೆ, ಕುದುರೆ ಮುಂತಾದವುಗಳ ಕೂದಲು. ಈ ವ್ಯವಹಾರದಲ್ಲಿ ಒಂಟೆಗೆ ಬಂದದ್ದು ಹೆಸರು, ಅಳಿಲಿಗೆ ಹೋದದ್ದು ಬಾಲ. ಮುಂಗುಸಿಯ ಸ್ಥಿತಿ ಇನ್ನೂ ಕಷ್ಟದ್ದು. ಅದರ ಒಂದೊಂದು ಕೂದಲಲ್ಲೂ ಕಂದು ಮತ್ತು ಕೆನೆಬಣ್ಣದ ಪಟ್ಟೆಗಳಿರುತ್ತವೆ. ಬಿರುಸೂ ಹೌದು, ಚೂಪೂ ಹೌದು. ಇದಕ್ಕಾಗಿ ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದರೂ ವ್ಯಾಪಾರ ನಿಲ್ಲದೆ, 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳದವರು ‘ಆಪರೇಷನ್ ಕ್ಲೀನ್ ಆರ್ಟ್’ ಎಂದು ಹೆಸರಿಟ್ಟು ದಾಳಿ ನಡೆಸಬೇಕಾಯಿತು. ಬ್ರಷ್ ತಯಾರಿಕೆಗೇ ಹೆಸರಾದ ಉತ್ತರಪ್ರದೇಶದ ಶೇರ್‌ಕೋಟ್ ಆಗ ಸುದ್ದಿಗೆ ಬಂತು. ಪಂಚತಂತ್ರದಲ್ಲಿ ಮಗುವನ್ನು ಹಾವಿನಿಂದ ಕಾಪಾಡಿ ಏಟು ತಿಂದು ಸತ್ತ ಪ್ರಾಣಿ ಇದೇ. ಅಂದಿನಿಂದಲೂ ನಮ್ಮ ಕೈಯಲ್ಲಿ ಅದಕ್ಕೆ ನ್ಯಾಯ ಸಿಕ್ಕಿಲ್ಲ, ವಿಲೋಮದ್ದನ್ನು ಬಿಟ್ಟರೆ.

ಮಡಿ ಪ್ರಕರಣ

ಈಗ ಬರುವ ವಿಷಯವನ್ನು ಹಿರಿಯರ ಎದುರು ಮೆಲ್ಲಗೆ ಓದತಕ್ಕದ್ದು. ಮನೆಗೆ ಬಣ್ಣ ಬಳಿಯುವ ಒಳ್ಳೆಯ ಬ್ರಷ್ಷಿನ ಕೂದಲು ಹಂದಿಯದು.

ಇದಕ್ಕೆ ಕಾರಣ ಉಂಟು. ಹಂದಿಯ ಬಿರುಗೂದಲು ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ. ಕೊನೆಯಲ್ಲಿ ಪ್ರತಿಯೊಂದು ಕೂದಲೂ ಎರಡು ಮೂರಾಗಿ ಸೀಳಿಕೊಂಡಿರುತ್ತದೆ. ಹೆಂಗಸರ ತಲೆಯಲ್ಲಿ ಇಂಥದ್ದು ಕಂಡರೆ ಎಣ್ಣೆ, ಶಾಂಪೂ ಎಂದು ಮನೆಯೆಲ್ಲ ಓಡಾಡುತ್ತದೆ. ಹಂದಿಯ ತಲೆಯಲ್ಲಿ ಕಂಡರೆ ಕಂಪನಿಗಳು ಬೆಲೆ ಹೆಚ್ಚಿಸುತ್ತವೆ. ಆ ಸೀಳುಗಳೇ ಬಣ್ಣವನ್ನು ಹಿಡಿದಿಟ್ಟುಕೊಂಡು, ಬಾಗಿಲ ಮೇಲೆ ಗೆರೆ ಬೀಳದಂತೆ ಹರಡುವುದು. ನೈಲಾನ್‌ವಾದಿಗಳು ಎಷ್ಟೇ ಮೀಸೆ ತಿರುವಿದರೂ ತಮ್ಮ ಎಳೆಗಳ ತುದಿಯನ್ನು ಯಂತ್ರದಲ್ಲಿ ಸೀಳಿಸಿ ಹಂದಿಯನ್ನೇ ಅನುಕರಿಸುತ್ತಾರೆ. ಈ ಕೂದಲಿಗೆ ಹಿಂದಿನಿಂದಲೂ ಚೀನಾ ದೊಡ್ಡ ಪೇಟೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸರಕು ವಿಮಾನಗಳು ಅಸ್ಸಾಂನಿಂದ ಹಿಮಾಲಯ ದಾಟಿ ಚೀನಾಕ್ಕೆ ಯುದ್ಧ ಸಾಮಗ್ರಿ ಇಳಿಸಿ, ವಾಪಸಾಗುವಾಗ ಟಂಗ್‌ಸ್ಟನ್ನಿನ ಜೊತೆಗೆ ಹಂದಿಕೂದಲನ್ನೂ ತುಂಬಿಕೊಂಡು ಬರುತ್ತಿದ್ದವು. ನಾವು ಕೈಮುಗಿಯುವ ಶಿಖರಗಳ ಮೇಲಿಂದ ವರಾಹಲೋಮ ಹೀಗೆ ಆಕಾಶಮಾರ್ಗದಲ್ಲಿ ಭರತಖಂಡವನ್ನು ಪ್ರವೇಶಿಸಿತು.

ಪ್ರಕರಣದ ಗಂಟು ಇರುವುದು ಇಲ್ಲಿ. ಹೊಸ ಬ್ರಷ್ಷು ಕೂದಲು ಉದುರಿಸುತ್ತದೆ. ಪೇಂಟರು ಅಂಗೈಗೆ ನಾಲ್ಕು ಸಲ ಬಡಿದು, ಉಗುರಿನಲ್ಲಿ ಕೆರೆದು, ಸಡಿಲಾದದ್ದನ್ನು ಕಿತ್ತರೂ ಒಂದೆರಡು ಉಳಿದೇ ಉಳಿಯುತ್ತವೆ. ಉಳಿದದ್ದು ಹೋಗಿ ಅಂಟುವುದು ಎಲ್ಲಿಗೆ? ಎನಾಮಲ್ ಹೊಡೆದ ದೇವರಮನೆಯ ಬಾಗಿಲಿಗೆ. ಬಣ್ಣ ಒಣಗಿದ ಮೇಲೆ ಅದು ಶಾಶ್ವತ. ಈರುಳ್ಳಿಯೂ ದಾಟದ ಹೊಸ್ತಿಲಲ್ಲಿ, ಕಣ್ಣೆತ್ತರಕ್ಕೆ, ಒಂದಂಗುಲ ಉದ್ದದ ವರಾಹಕೇಶ. ಕೆಲವು ಆಚಾರವಂತರು ಇದನ್ನು ಮೂರನೆಯ ಅವತಾರದ ಸಾನ್ನಿಧ್ಯವೆಂದು ಭಾವಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ನಮ್ಮ ಮತದಲ್ಲಿ ಇದು ಉತ್ತಮ ಪರಿಹಾರ, ಏಕೆಂದರೆ ಇನ್ನೊಂದು ಪರಿಹಾರ ಬಾಗಿಲನ್ನೆಲ್ಲ ಉಜ್ಜಿ ಮೊದಲಿನಿಂದ ಬಳಿಯುವುದು.

ನೈಲಾನಿಗೆ ಹೊರಳಿದರೆ ಮಡಿ ಉಳಿಯುತ್ತದಲ್ಲ ಎಂದು ಕೇಳಬಹುದು. ಗೋಡೆಯ ಮಟ್ಟಿಗೆ ಉಳಿಯುತ್ತದೆ. ನಮ್ಮ ಪೇಂಟರ್ ಮೇಸ್ತ್ರಿಯ ವಾರ್ತಿಕ ಹೀಗಿದೆ: “ಸಾರ್, ಹಂದಿ ಕೂದ್ಲು ಆಯಿಲ್ ಪೇಂಟಿಗೇ ಸರಿ. ಎಮಲ್ಷನ್ನಿಗೆ ಹಾಕಿದ್ರೆ ನೀರು ಕುಡ್ಕೊಂಡು ಮಧ್ಯಾಹ್ನದ ಹೊತ್ಗೆ ಜೋಲು ಬೀಳ್ತದೆ.” ಹೀಗಾಗಿ ನೀರಿನ ಬಣ್ಣ ಕುಡಿಯುವ ಗೋಡೆಗೆ ನೈಲಾನು, ಎಣ್ಣೆ ಬಣ್ಣದ ಬಾಗಿಲಿಗೆ ವರಾಹ. ಇದನ್ನು ಕೇಳಿ ನಾವು ತಂದ ಬ್ರಷ್ಷುಗಳಲ್ಲಿ ಕೆಲಸ ಮುಗಿದಾಗ ಮನೆಯಲ್ಲಿ ಉಳಿದದ್ದು ಬೇರೆ ಯಾರದೋ ಮನೆಯ ಹಸಿರು ಬಣ್ಣ ಗಟ್ಟಿಯಾಗಿದ್ದ ಒಂದೇ ಒಂದು. ಬ್ರಷ್ಷುಗಳ ಪುನರ್ಜನ್ಮವನ್ನು ನಂಬದವರು ಇದನ್ನು ವಿವರಿಸಲಿ.

ಹಲ್ಲಿನ ಬ್ರಷ್ಷೂ ನೈಲಾನು ಬರುವ ತನಕ ಇದೇ ಮೈಲಿಗೆಯಲ್ಲಿತ್ತು. ಇಂಗ್ಲೆಂಡಿನ ವಿಲಿಯಂ ಆ್ಯಡಿಸ್ 1780ರ ಹೊತ್ತಿಗೆ ಮೂಳೆಯ ಹಿಡಿಕೆಗೆ ತೂತು ಕೊರೆದು ಪ್ರಾಣಿಯ ಬಿರುಗೂದಲು ಕಟ್ಟಿ ವ್ಯಾಪಾರಕ್ಕಿಟ್ಟ. ಬೇವಿನ ಕಡ್ಡಿ ಜಗಿಯುತ್ತಿದ್ದ ನಮ್ಮ ಹಿರಿಯರು ಅದನ್ನು ದೂರವಿಟ್ಟಿದ್ದು ಮೌಢ್ಯವೆಂದು ಕೆಲವರು ಬರೆದಿದ್ದಾರೆ. ಮೂಳೆ ಮತ್ತು ಹಂದಿ ಎರಡನ್ನೂ ಒಟ್ಟಿಗೆ, ಬರಿಹೊಟ್ಟೆಯಲ್ಲಿ, ಕಾಫಿಗೆ ಮೊದಲು ಬಾಯಿಗಿಡಬೇಕಾಗಿ ಬಂದಿದ್ದರೆ ಅವರು ಏನು ಬರೆಯುತ್ತಿದ್ದರೋ. ಮುಂದೆ 1930ರ ದಶಕದಲ್ಲಿ ಇದೇ ಆ್ಯಡಿಸ್ ಹೆಸರಿನ ಕಂಪನಿ ಕಕ್ಕಸು ತೊಳೆಯುವ ಬ್ರಷ್ಷಿನ ಯಂತ್ರದಲ್ಲೇ ಕೃತಕ ಕ್ರಿಸ್‌ಮಸ್ ಮರ ತಯಾರಿಸಿತೆಂದು ಹೇಳುತ್ತಾರೆ. ಮಡಿ ಮೈಲಿಗೆ ನಮ್ಮವರ ಪೇಟೆಂಟಲ್ಲ, ಆದರೆ ಅದನ್ನು ಇಷ್ಟು ಸಲೀಸಾಗಿ ದಾಟಲು ಇಂಗ್ಲಿಷರಿಗೇ ಸಾಧ್ಯ. ಹಳೆಯ ಹಲ್ಲುಬ್ರಷ್ಷಿನ ಉತ್ತರಕ್ರಿಯೆಗಳ ಬಗ್ಗೆ ಎಲ್ಲರ ಮನೆಯಲ್ಲೂ ಸಾಕಷ್ಟು ತಿಳಿದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಸುಣ್ಣದ ಅಧಿಕರಣ

ನಾರುವಾದಿಗಳು ತಲೆಯೆತ್ತುವುದು ಸುಣ್ಣದ ಎದುರಿಗೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹುಯ್ದರೆ ಕೊತಕೊತ ಕುದ್ದು ಅರಳುತ್ತದೆ. ಆ ತಿಳಿಗೆ ಚೂರು ನೀಲಿ ಬೆರೆಸಿ ಗೋಡೆಗೆ ಬಳಿದರೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಹಬ್ಬಕ್ಕೆ ಸುಣ್ಣ ಹೊಡೆಯುವುದೆಂದರೆ ಕಲ್ಲನ್ನು ಕರಗಿಸಿ ಬ್ರಷ್ಷಿನಲ್ಲಿ ಗೋಡೆಗೆ ಹತ್ತಿಸುವ ಕೆಲಸ. ಇಂಥ ಕೆಲಸಕ್ಕೆ ಲೋಮವಾದಿಯನ್ನು ಕರೆದರೆ ಅವನ ಗತಿ ನೋಡುವ ಹಾಗಿಲ್ಲ. ಕ್ಷಾರ ಕೂದಲನ್ನು ತಿನ್ನುತ್ತದೆ. ಚರ್ಮ ಹದ ಮಾಡುವವರು ತೊಗಲಿನ ಕೂದಲು ಉದುರಿಸಲು ಬಳಸುವುದೂ ಸುಣ್ಣದ ನೀರನ್ನೇ. ವಿಕ್ಟೋರಿಯಾ ರಾಣಿಯ ಕುಂಚವನ್ನು ಸುಣ್ಣದ ಬಾನಿಗೆ ಅದ್ದಿದ್ದರೆ ಹೊತ್ತು ಮುಳುಗುವುದರೊಳಗೆ ಆಕೆಯ ಕೈಯಲ್ಲಿ ಹಿಡಿಕೆ ಮಾತ್ರ ಉಳಿಯುತ್ತಿತ್ತು.

ಅದಕ್ಕೇ ಸುಣ್ಣಕ್ಕೆ ಗಿಡದ ನಾರು. ಕತ್ತಾಳೆಯದ್ದಾಗಬಹುದು, ಕೇದಗೆಯ ಇಳಿಬೇರಾಗಬಹುದು. ಬೇರನ್ನು ಗೇಣುದ್ದ ಕತ್ತರಿಸಿ, ಒಂದು ತುದಿಯನ್ನು ಕಲ್ಲ ಮೇಲಿಟ್ಟು ಜಜ್ಜಬೇಕು. ತಿರುಳು ಕಳಚಿ ಎಳೆ ಬಿಡುತ್ತದೆ. ಇನ್ನೂ ಜಜ್ಜಿ, ನೀರಲ್ಲಿ ಅಲುಬಿದರೆ ಒಂದು ತುದಿ ಬೇರಾಗಿಯೇ ಉಳಿದು ಹಿಡಿಕೆ, ಇನ್ನೊಂದು ತುದಿ ಕುಂಚ. ತಗಡಿಲ್ಲ, ಮೊಳೆಯಿಲ್ಲ, ಅಂಟಿಲ್ಲ. ನಮ್ಮ ಲಕ್ಷಣದಲ್ಲಿ ಹೇಳಿದ ‘ನಡುವಣ ಕಟ್ಟು’ ಕೂಡ ಇಲ್ಲ ಎಂದು ಪೂರ್ವಪಕ್ಷದವರು ಹಿಂದಿನ ಸಾಲಿನಿಂದ ಕೂಗುತ್ತಿದ್ದಾರೆ. ಅವರಿಗೆ ಆಮೇಲೆ ಉತ್ತರ ಕೊಡಲಾಗುವುದು.

ಏಕೆಂದರೆ ಇದಕ್ಕಿಂತ ದೊಡ್ಡ ಆಪತ್ತು ಮೈಸೂರಿನ ಕಡೆಯಿಂದ ಬರುತ್ತಿದೆ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ಅಳಿಲಿನ ಕೂದಲಿನ ಕುಂಚ ಬಳಸುತ್ತಿದ್ದರು. ಇಲ್ಲಿಯವರೆಗೆ ವಿಲೋಮ ನ್ಯಾಯಕ್ಕೆ ಧಕ್ಕೆಯಿಲ್ಲ. ಆದರೆ ಅತಿ ನವುರಾದ ಗೆರೆಗೆ, ದೇವಿಯ ಕಣ್ಣರೆಪ್ಪೆಗೋ ಸೆರಗಿನ ಅಂಚಿಗೋ, ಅವರು ಕೈಗೆತ್ತಿಕೊಳ್ಳುತ್ತಿದ್ದದ್ದು ಒಂದು ಜಾತಿಯ ಹುಲ್ಲಿನ ಚೂಪು ಎಸಳನ್ನು. ಹುಲ್ಲು! ಬೆಲೆ ಸೊನ್ನೆ, ಕೆಲಸ ಎಲ್ಲಕ್ಕಿಂತ ಕಿರಿದು. ಸೂತ್ರದ ಪ್ರಕಾರ ಬೆಲೆಯಿಲ್ಲದ ಹುಲ್ಲು ಅರಮನೆಯ ಅಂಗಳ ಗುಡಿಸಬೇಕಿತ್ತು; ಚಿನ್ನದ ರೇಕಿನ ಪಕ್ಕ ಕೂತು ರೆಪ್ಪೆ ಬರೆಯಬಾರದಿತ್ತು.

ಸಿದ್ಧಾಂತಿಗೆ ಇಂಥ ಹೊತ್ತಿನಲ್ಲಿ ಇರುವುದು ಎರಡೇ ದಾರಿ: ಸಿದ್ಧಾಂತ ಬಿಡುವುದು, ಇಲ್ಲವೇ ಹುಲ್ಲನ್ನು ಬಿಡುವುದು. ನಾವು ಹುಲ್ಲನ್ನು ಬಿಟ್ಟೆವು. ಅದಕ್ಕೆ ಕೂದಲಿಲ್ಲವಾದ್ದರಿಂದ ಅದು ಬ್ರಷ್ಷೇ ಅಲ್ಲ. ಹಾಗೆಂದರೆ ತೆಂಗಿನ ಕಡ್ಡಿಯ ಪೊರಕೆಯೂ ಬ್ರಷ್ಷಲ್ಲವೆಂದಾಗಿ ನಮ್ಮ ಮೊದಲ ನಿದರ್ಶನವೇ ಕುಸಿಯುತ್ತದೆಂದು ಸೂಕ್ಷ್ಮಮತಿಗಳು ಹೇಳಬಹುದು. ಸೂಕ್ಷ್ಮಮತಿಗಳು ಮುಂದಿನ ಪ್ರಕರಣಕ್ಕೆ ನಡೆಯಲಿ.

ಆಚಾರ ಪ್ರಕರಣ

ಪೊರಕೆಯನ್ನು ಕಾಲಲ್ಲಿ ಒದೆಯಬಾರದು. ದೀಪ ಹಚ್ಚಿದ ಮೇಲೆ ಗುಡಿಸಬಾರದು. ಗುಡಿಸಿದರೂ ಕಸ ಹೊರಗೆ ಹಾಕಬಾರದು. ಯಾರಾದರೂ ಪ್ರಯಾಣ ಹೊರಟ ಬೆನ್ನಿಗೇ ಗುಡಿಸಬಾರದು. ನಿಲ್ಲಿಸಿಡಬಾರದು, ಬಂದವರ ಕಣ್ಣಿಗೆ ಬೀಳುವಂತೆ ಇಡಬಾರದು. ವಿಕ್ಟೋರಿಯಾ ರಾಣಿಯ ಕುಂಚಕ್ಕೂ ಇಷ್ಟು ಶಿಷ್ಟಾಚಾರ ಇದ್ದಿರಲಾರದು. ಕಣ್ಣಿಗೆ ಬೀಳದ ಸೊಸೆಯಂತೆ ಪೊರಕೆಯೂ ಬಾಗಿಲ ಸಂದಿಯಲ್ಲೇ ಇದ್ದು ಮನೆಯನ್ನೆಲ್ಲ ನಡೆಸುತ್ತದೆ.

ತಾರ್ಕಿಕರ ತಲೆ ತಿನ್ನುವ ಸಮಸ್ಯೆ ಹೂ ಪೊರಕೆಯದು. ಈಶಾನ್ಯದ ಬೆಟ್ಟಗಳಲ್ಲಿ ಬೆಳೆಯುವ ಹುಲ್ಲಿನ ತೆನೆಗಳನ್ನು ಒಟ್ಟುಗೂಡಿಸಿ ಪ್ಲಾಸ್ಟಿಕ್ ಹಿಡಿಕೆಗೆ ತುರುಕಿದ ಈ ಪೊರಕೆ ಹೊಸದರಲ್ಲಿ ಹೊಟ್ಟು ಉದುರಿಸುತ್ತದೆ. ನಡುಮನೆ ಗುಡಿಸಿ ಹಿಂದೆ ತಿರುಗಿದರೆ ಗುಡಿಸಿದ ದಾರಿಯುದ್ದಕ್ಕೂ ಕಂದು ಪುಡಿ. ಅದನ್ನು ಗುಡಿಸಲು ಹೋದರೆ ಇನ್ನಷ್ಟು. ಕಸವಿದ್ದರೆ ಪೊರಕೆ, ಪೊರಕೆಯಿದ್ದರೆ ಕಸ: ಶುದ್ಧ ಅನ್ಯೋನ್ಯಾಶ್ರಯ. ಪೂರ್ವಪಕ್ಷದವರೂ ಈ ಒಂದು ಕಡೆ ನಮ್ಮ ಜೊತೆ ತಲೆಯಾಡಿಸಿದ್ದಾರೆ. ನಮ್ಮ ಮನೆಗೆಲಸಕ್ಕೆ ಬರುವವರು ಮಾತ್ರ ತರ್ಕದ ಗೋಜಿಗೆ ಹೋಗದೆ ಹೊಸ ಪೊರಕೆಯನ್ನು ಮೊದಲು ತಾರಸಿಗೆ ಒಯ್ದು, ಕಟ್ಟೆಗೆ ಬಡಿದು, ಹಳೆಯ ಬಾಚಣಿಗೆಯಲ್ಲಿ ಬಾಚಿ, ಆಮೇಲೆ ಒಳಗೆ ತರುತ್ತಾರೆ. ಹಾಗೆ ಬಾಚುವ ಬಾಚಣಿಗೆಯನ್ನು ಲೋಮವಾದದಲ್ಲಿ ಎಲ್ಲಿ ಸೇರಿಸಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಪ್ರಾಯಶ್ಚಿತ್ತ ಪ್ರಕರಣ

ಬ್ರಷ್ಷಿನ ವಿಷಯದಲ್ಲಿ ಮಹಾಪಾತಕ ಒಂದೇ: ಕೆಲಸ ಮುಗಿಸಿ ತೊಳೆಯದೆ ಇಡುವುದು. ಎನಾಮಲ್ ಬಟ್ಟೆಯ ಹಾಗೆ ಬರೀ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕಟ್ಟಿಕೊಂಡುಬಿಡುತ್ತದೆ. ಆಮೇಲೆ ಸೀಮೆಎಣ್ಣೆಯಲ್ಲಿ ಎಷ್ಟು ದಿನ ನೆನೆಸಿದರೂ ಬ್ರಷ್ಷು ಮಿಸುಕುವುದಿಲ್ಲ. ಹಸಿಯಿದ್ದಾಗಲೇ ಟರ್ಪೆಂಟೈನಿನಲ್ಲಿ ಜಾಲಿಸಿ, ಸೋಪು ಹಚ್ಚಿ, ತಗಡಿನ ಪಟ್ಟಿಯ ಬುಡದವರೆಗೆ ಬೆರಳಲ್ಲಿ ಹಿಂಡಿ ತೊಳೆಯಬೇಕು. ಬಣ್ಣ ಕೂತು ಬ್ರಷ್ಷನ್ನು ಕೊಲ್ಲುವುದು ಬುಡದಲ್ಲೇ, ತುದಿಯಲ್ಲಲ್ಲ. ಆಮೇಲೆ ತೂಗುಹಾಕಬೇಕು. ಡಬ್ಬದಲ್ಲಿ ಕೂದಲು ಕೆಳಗೆ ಮಾಡಿ ನಿಲ್ಲಿಸಿದರೆ ಒಂದು ಕಡೆಗೆ ಡೊಂಕಾಗಿ ಮುಂದೆ ಗೋಡೆಯ ಮೂಲೆಗೆ ಹೋಗು ಎಂದರೆ ಕಿಟಕಿಗೆ ಹೋಗುತ್ತದೆ.

ಎರವಲು ತಂದ ಬ್ರಷ್ಷನ್ನು ಗಟ್ಟಿಮಾಡಿ ಹಿಂದಿರುಗಿಸಿದವನಿಗೆ ಶಾಸ್ತ್ರ ಎರಡು ಪ್ರಾಯಶ್ಚಿತ್ತ ಹೇಳುತ್ತದೆ: ಹೊಸದು ಕೊಡಿಸುವುದು, ಅಥವಾ ಅದೇ ಬ್ರಷ್ಷಿನಲ್ಲಿ ಮಾಲೀಕನ ಗೇಟಿಗೆ ಎರಡು ಕೋಟಿಂಗ್ ಹೊಡೆದುಕೊಡುವುದು. ನಮ್ಮ ಬಲಬದಿಯ ಮನೆಯವರು ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದರು. ಅಮೆರಿಕದ ಜಾಕ್ಸನ್ ಪೊಲಾಕ್ ನೆಲಕ್ಕೆ ಹಾಸಿದ ಕ್ಯಾನ್ವಾಸಿಗೆ ಕಡ್ಡಿ ಮತ್ತು ಗಟ್ಟಿಯಾದ ಕುಂಚಗಳಿಂದಲೇ ಬಣ್ಣ ಹನಿಸಿ ಜಗದ್ವಿಖ್ಯಾತನಾದನೆಂದು ಎಲ್ಲೋ ಓದಿದ್ದಾರಂತೆ. ಮಾತು ನಿಜವೇ ಆದ್ದರಿಂದ ನಾವು ಸುಮ್ಮನಾಗಬೇಕಾಯಿತು. ಮರುವಾರ ಅವರು ರೋಲರ್ ಕೇಳಲು ಬಂದಾಗ ಮನೆಯವರು ಬಾಗಿಲ ಸಂದಿಯಿಂದ ಮೋಟು ಪೊರಕೆ ತೆಗೆದುಕೊಟ್ಟು, “ಇದರಲ್ಲೂ ಚೆನ್ನಾಗಿ ಹನಿಸಬಹುದಂತೆ” ಎಂದರು.